ಮುಂಬಯಿ ಅಡುಗೆಮನೆಯಲ್ಲಿ ಮೆಗ್ನೀಷಿಯಂ: ತಟ್ಟೆಯಿಂದ ಮಾತ್ರೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಔಷಧಿ ಅಂಗಡಿಗೆ ಬಂದು ಮೆಗ್ನೀಷಿಯಂ ಮಾತ್ರೆ ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಯಾವುದಕ್ಕೆ ಎಂದು ವಿಚಾರಿಸಿದರೆ ಒಬ್ಬರು ನಿದ್ದೆಗೆ ಎನ್ನುತ್ತಾರೆ, ಇನ್ನೊಬ್ಬರು ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ ಎನ್ನುತ್ತಾರೆ, ಮತ್ತೊಬ್ಬರಿಗೆ ಮೊಬೈಲಿನಲ್ಲಿ ಯಾರೋ ಹೇಳಿರುತ್ತಾರೆ. ಮುಲುಂಡಿನಲ್ಲಿ ಕೌಂಟರಿನ ಹಿಂದೆ ನಿಂತು ಇದನ್ನೆಲ್ಲ ಕೇಳುವ ನನ್ನ ಅಭಿಪ್ರಾಯ ಇಷ್ಟು: ಹೀಗೆ ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಹಿಟ್ಟಿನ ಗಿರಣಿಯಲ್ಲಿ, ಸೊಪ್ಪಿನ ಗಾಡಿಯಲ್ಲಿ ಸಿಗುತ್ತದೆ. ನಿಜವಾಗಿ ಮೆಗ್ನೀಷಿಯಂ ಕೊರತೆಯ ಅಪಾಯ ಇರುವವರು ಅದನ್ನು ಕೇಳಿಕೊಂಡು ಬರುವುದೇ ಇಲ್ಲ. ಅವರು ಬರುವುದು ಆಸಿಡಿಟಿ ಗುಳಿಗೆಗೆ, ಬಿಪಿ ಗುಳಿಗೆಗೆ.

ಆದ್ದರಿಂದ ಈ ಮಾರ್ಗದರ್ಶಿ ತಟ್ಟೆಯಿಂದ ಶುರುವಾಗುತ್ತದೆ. ಮಾತ್ರೆಯ ವಿಷಯ ಕೊನೆಗೆ ಬರುತ್ತದೆ.

ಇದು ಮೈಯಲ್ಲಿ ಮಾಡುವ ಕೆಲಸ

ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಷಿಯಂ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲಿ, ಉಳಿದ ಬಹುಪಾಲು ಸ್ನಾಯು ಮತ್ತಿತರ ಮೃದು ಅಂಗಾಂಶಗಳಲ್ಲಿ. ರಕ್ತದ ದ್ರವಭಾಗದಲ್ಲಿ ಓಡಾಡುವುದು ಶೇಕಡಾ ಒಂದಕ್ಕಿಂತ ಕಡಿಮೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ರಕ್ತಪರೀಕ್ಷೆಯ ವಿಷಯ ಬಂದಾಗ ಬೇಕಾಗುತ್ತದೆ.

ಮುನ್ನೂರಕ್ಕೂ ಹೆಚ್ಚು ಕಿಣ್ವಗಳಿಗೆ ಮೆಗ್ನೀಷಿಯಂ ಬೇಕು. ಜೀವಕೋಶಗಳು ಶಕ್ತಿಗಾಗಿ ಬಳಸುವ ಎಟಿಪಿ ಎಂಬ ಅಣು ಮೆಗ್ನೀಷಿಯಂ ಜೊತೆಗೆ ಕೂಡಿಕೊಂಡೇ ಕೆಲಸ ಮಾಡುತ್ತದೆ. ಸ್ನಾಯು ಬಿಗಿಯಾಗಲು ಕ್ಯಾಲ್ಸಿಯಂ ಬೇಕಾದರೆ, ಸಡಿಲಗೊಳ್ಳುವ ಹೊತ್ತಿನಲ್ಲಿ ಅದನ್ನು ಹದ್ದುಬಸ್ತಿನಲ್ಲಿಡುವುದಕ್ಕೆ ಮೆಗ್ನೀಷಿಯಂ ಬೇಕು. ಹೃದಯದ ಬಡಿತದ ಲಯ, ನರಗಳ ಸಂಕೇತ, ಇನ್ಸುಲಿನ್ನಿನ ಕೆಲಸ, ಎಲ್ಲದರಲ್ಲೂ ಅದಕ್ಕೆ ಪಾಲಿದೆ. ಇದು ತೀರಾ ಕಡಿಮೆಯಾದಾಗ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಕೂಡ ಕುಸಿಯುತ್ತವೆ. ಪೊಟ್ಯಾಸಿಯಂ ಎಷ್ಟು ಕೊಟ್ಟರೂ ಏರದಿದ್ದಾಗ ಅನುಭವಸ್ಥ ವೈದ್ಯರು ಮೆಗ್ನೀಷಿಯಂ ಪರೀಕ್ಷೆ ಬರೆಯುವುದು ಈ ಕಾರಣಕ್ಕೆ.

ದಿನಕ್ಕೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ಗಂಡಸರಿಗೆ 440 ಮಿಲಿಗ್ರಾಂ, ಹೆಂಗಸರಿಗೆ 370 ಮಿಲಿಗ್ರಾಂ. ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ. ಒಳಬರುವುದು ಕಡಿಮೆಯಾದಾಗ ಮೂತ್ರಪಿಂಡಗಳು ಹೊರಹೋಗುವುದನ್ನು ಬಿಗಿಹಿಡಿಯುತ್ತವೆ. ವಾರಗಟ್ಟಲೆಯ ಸರಾಸರಿ ಚೆನ್ನಾಗಿದ್ದರೆ ಸಾಕು.

ಹೆಜ್ಜೆ 1: ನಿನ್ನೆ ತಿಂದದ್ದನ್ನು ಬರೆದು ಕೂಡಿಸಿ

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಫೋರ್ಟಿನ ಕಚೇರಿಗೆ ಹೋಗುವ ಒಬ್ಬ ಕನ್ನಡಿಗನ ದಿನವನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ ಮೂರು ಇಡ್ಲಿ: ಬಿಳಿ ಅಕ್ಕಿಯಿಂದ ಬರುವುದು ಅಲ್ಪ, ಉದ್ದಿನ ಬೇಳೆಯ ದಯೆಯಿಂದ ಒಟ್ಟು 35 ಮಿಲಿಗ್ರಾಂ. ಸ್ಟೇಷನ್ನಿನ ಹೊರಗೆ ಒಂದು ವಡಾಪಾವ್: ಪಾವ್ ಮೈದಾದ್ದು, ಲೆಕ್ಕಕ್ಕೇ ಬಾರದು, ಆಲೂಗಡ್ಡೆ ಮತ್ತು ಕಡಲೆಹಿಟ್ಟು ಸೇರಿ ಸುಮಾರು 40. ಮಧ್ಯಾಹ್ನ ಮತ್ತು ರಾತ್ರಿಯ ಬಿಳಿ ಅನ್ನದಿಂದ 35, ಸಾರಿನ ತೊಗರಿಬೇಳೆಯಿಂದ 35, ಪಲ್ಯದಿಂದ 20. ಮೂರು ಲೋಟ ಚಹಾದ ಹಾಲು ಮತ್ತು ಬಿಸ್ಕತ್ತಿನಿಂದ 25. ಒಟ್ಟು 190. ಹೊಟ್ಟೆ ತುಂಬ ಉಂಡಿದ್ದಾನೆ, ಆದರೆ ಬೇಕಾದದ್ದರ ಅರ್ಧವೂ ಮೈಗೆ ಬಿದ್ದಿಲ್ಲ.

ಇವು ಅಂದಾಜಿನ ಅಂಕಿಗಳು. ಬೆಳೆದ ಮಣ್ಣು, ತಳಿ, ಬೇಯಿಸಿದ ಬಗೆಯ ಮೇಲೆ ಹೆಚ್ಚುಕಡಿಮೆ ಆಗುತ್ತವೆ. ನಿಮ್ಮ ತಟ್ಟೆಯಲ್ಲಿ ಬಿಳಿ ಅಕ್ಕಿ ಮತ್ತು ಮೈದಾ ಎಷ್ಟು ಜಾಗ ಹಿಡಿದಿವೆ ಎಂದು ತಿಳಿದುಕೊಳ್ಳಲು ಇಷ್ಟು ಲೆಕ್ಕ ಸಾಕು.

ಹೆಜ್ಜೆ 2: ಧಾನ್ಯವನ್ನು ಬದಲಿಸಿ

ಎಲ್ಲಕ್ಕಿಂತ ದೊಡ್ಡ ಲಾಭ ಇರುವುದು ಇಲ್ಲಿ. ಧಾನ್ಯದ ಮೆಗ್ನೀಷಿಯಂ ಬಹುಮಟ್ಟಿಗೆ ಹೊರಗಿನ ತೌಡಿನಲ್ಲಿ ಮತ್ತು ಮೊಳಕೆಯ ಭಾಗದಲ್ಲಿರುತ್ತದೆ. ಪಾಲಿಶ್ ಮಾಡಿದಾಗ ಮೊದಲು ಹೋಗುವುದೇ ಅದು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ 20ರಿಂದ 25 ಮಿಲಿಗ್ರಾಂ, ಮೈದಾದಲ್ಲಿ ಸುಮಾರು ಅಷ್ಟೇ. ಅದೇ ನೂರು ಗ್ರಾಂ ಗೋಧಿಹಿಟ್ಟಿನಲ್ಲಿ 125ರ ಮೇಲೆ, ಸಜ್ಜೆಯಲ್ಲಿ ಸುಮಾರು 125, ಜೋಳದಲ್ಲಿ 130ರ ಮೇಲೆ, ರಾಗಿಯಲ್ಲಿ 140ರ ಆಸುಪಾಸು.

ಮುಂಬಯಿಯಲ್ಲಿ ಇದಕ್ಕೆ ಯಾವ ಕಷ್ಟವೂ ಇಲ್ಲ. ಈ ಊರಿನಲ್ಲಿ ಬಡಾವಣೆಗೊಂದು ಹಿಟ್ಟಿನ ಗಿರಣಿ ಇನ್ನೂ ಉಸಿರಾಡುತ್ತಿದೆ. ರಾಗಿಯನ್ನು ನಾಚಣಿ ಎಂದು ಕೇಳಿ, ಜೋಳವನ್ನು ಜ್ವಾರಿ ಎನ್ನಿ, ಸಜ್ಜೆಯನ್ನು ಬಾಜ್ರಿ ಎನ್ನಿ. ಕಾಳು ಕೊಂಡು ನಿಮ್ಮ ಎದುರಿಗೇ ಬೀಸಿಸಿಕೊಳ್ಳಿ, ಜರಡಿ ಹಿಡಿಯದೆ ತನ್ನಿ. ಗೋಧಿಹಿಟ್ಟನ್ನು ಮನೆಯಲ್ಲಿ ಮತ್ತೊಮ್ಮೆ ಸಾಣಿಸಿ ತೌಡನ್ನು ಚೆಲ್ಲುವವರಿದ್ದಾರೆ. ಚಪಾತಿ ಮೆತ್ತಗಾಗುತ್ತದೆ ಎಂಬ ಆಸೆಗೆ ಕಾಸು ಕೊಟ್ಟು ತಂದ ಸತ್ವವನ್ನು ಕಸದ ಡಬ್ಬಿಗೆ ಹಾಕಿದಂತಾಗುತ್ತದೆ. ಸಾಣಿಸದ ಹಿಟ್ಟಿಗೆ ಸ್ವಲ್ಪ ಹೆಚ್ಚು ನೀರು ಹಾಕಿ, ಕಲಸಿ ಅರ್ಧ ಗಂಟೆ ಮುಚ್ಚಿಟ್ಟರೆ ಚಪಾತಿ ತಾನಾಗಿ ಮೆತ್ತಗೆ ಬರುತ್ತದೆ.

ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ ಬಿಟ್ಟುಹೋಗದಿದ್ದರೆ ಅರ್ಧ ಕೆಲಸ ಆದಂತೆ. ಮೈಸೂರು ಕಡೆಯವರು ಮುದ್ದೆಗೆ ಮರಳಬಹುದು. ಬೆಳಿಗ್ಗೆ ಹೊತ್ತಿಲ್ಲದವರಿಗೆ ರಾಗಿ ದೋಸೆ. ಕರಾವಳಿಯವರಿಗೆ ಅನ್ನ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಅವರು ತೌಡಿನ ಕೆಂಪು ಉಳಿದಿರುವ ಕುಚ್ಚಲಕ್ಕಿಯನ್ನು ಆರಿಸಿಕೊಳ್ಳಲಿ. ಬಿಳಿಯಾಗಿ ಹೊಳೆಯುವ ಕುಚ್ಚಲಕ್ಕಿಯೂ ಮಾರಾಟಕ್ಕಿದೆ, ಹೆಸರು ನೋಡಿ ಮೋಸಹೋಗಬೇಡಿ. ಗಂಜಿಯ ತಿಳಿಯನ್ನು ಬಸಿದು ಚೆಲ್ಲದೆ ಕುಡಿದರೆ ನೀರಿಗೆ ಬಿಟ್ಟುಕೊಂಡದ್ದೂ ಹೊಟ್ಟೆ ಸೇರುತ್ತದೆ.

ಹೆಜ್ಜೆ 3: ದಿನಕ್ಕೊಂದು ಹೊತ್ತು ಇಡೀ ಕಾಳು

ಹುರುಳಿ, ಹೆಸರು, ಅಲಸಂದೆ, ಮಡಕಿ, ಕಡಲೆ, ರಾಜ್ಮಾ. ಒಣಕಾಳಿನ ನೂರು ಗ್ರಾಂಗೆ 130ರಿಂದ 200 ಮಿಲಿಗ್ರಾಂ ಸಿಗುತ್ತದೆ. ಒಬ್ಬರಿಗೆ ಒಂದು ಹೊತ್ತಿಗೆ ನಲವತ್ತು ಗ್ರಾಂ ಎಂದುಕೊಂಡರೆ 60 ಮಿಲಿಗ್ರಾಂ ಆಯಿತು. ಮರಾಠಿಗರ ಉಸಳ್ ಇದಕ್ಕೆ ಹೇಳಿ ಮಾಡಿಸಿದ ಅಡುಗೆ: ಮೊಳಕೆ ಬರಿಸಿದ ಮಟಕಿ, ಒಂದು ಈರುಳ್ಳಿ, ಸ್ವಲ್ಪ ಕೊಬ್ಬರಿ, ಕುಕ್ಕರಿನಲ್ಲಿ ಹತ್ತು ನಿಮಿಷ. ನಮ್ಮ ಹುರುಳಿ ಸಾರಿಗೆ ಕಾಳು ಬೇಕಾದರೆ ಅಂಗಡಿಯಲ್ಲಿ ಕುಳೀಥ ಎಂದು ಕೇಳಬೇಕು, ಅಲಸಂದೆಗೆ ಚವಳಿ ಎನ್ನಬೇಕು.

ಕಾಳನ್ನು ರಾತ್ರಿ ನೆನೆಸುವುದು, ಮೊಳಕೆ ಬರಿಸುವುದು, ಇಡ್ಲಿ ಹಿಟ್ಟನ್ನು ಹುಳಿ ಬರಿಸುವುದು, ಇವೆಲ್ಲ ಬರೀ ರುಚಿಗಲ್ಲ. ಕಾಳು ಮತ್ತು ಧಾನ್ಯಗಳಲ್ಲಿ ಫೈಟೇಟ್ ಎಂಬ ವಸ್ತುವಿದೆ. ಅದು ಖನಿಜಗಳನ್ನು ಹಿಡಿದಿಟ್ಟುಕೊಂಡು ಕರುಳಿಗೆ ದಕ್ಕದಂತೆ ಮಾಡುತ್ತದೆ. ನೆನೆದಾಗ, ಮೊಳೆತಾಗ, ಹುದುಗಿದಾಗ ಫೈಟೇಟ್ ಒಡೆಯುತ್ತದೆ. ಹೇಗೂ ಆಹಾರದ ಮೆಗ್ನೀಷಿಯಂನಲ್ಲಿ ದೇಹ ಹೀರಿಕೊಳ್ಳುವುದು ಶೇಕಡಾ 30ರಿಂದ 40 ಮಾತ್ರ. ದಿನದ ಶಿಫಾರಸಿನಲ್ಲಿ ಈ ನಷ್ಟವನ್ನು ಮೊದಲೇ ಹಿಡಿದಿದ್ದಾರೆ, ನೀವು ಮತ್ತೆ ಕಳೆಯಬೇಕಾಗಿಲ್ಲ.

ಹೆಜ್ಜೆ 4: ಸೊಪ್ಪು, ವಾರದಲ್ಲಿ ನಾಲ್ಕೈದು ದಿನ

ಎಲೆಯ ಹಸಿರು ಬಣ್ಣಕ್ಕೆ ಕಾರಣವಾದ ಪತ್ರಹರಿತ್ತಿನ ಅಣುವಿನ ನಟ್ಟನಡುವೆ ಕೂತಿರುವುದು ಒಂದು ಮೆಗ್ನೀಷಿಯಂ ಪರಮಾಣು. ಹಾಗಾಗಿ ಕಡುಹಸಿರು ಸೊಪ್ಪು ಯಾವುದಾದರೂ ಸರಿ. ಹರಿವೆ ಇಲ್ಲಿ ಮಾಠ, ಸಬ್ಬಸಿಗೆ ಶೇಪೂ, ನುಗ್ಗೆ ಶೇವಗಾ. ಬಸಳೆ, ಕೆಸುವಿನ ಎಲೆ, ಊರಿನ ತರಕಾರಿ ಬೇಕೆನ್ನುವವರು ಮಾಟುಂಗಾದ ಮಾರುಕಟ್ಟೆಗೆ ಹೋಗುವ ರೂಢಿ ಹಳೆಯದು. ಪತ್ರೊಡೆ ಮಾಡುವ ಮನೆಗಳಿಗೆ ನಾನು ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ.

ಸೊಪ್ಪನ್ನು ಬೇಯಿಸಿ ನೀರು ಬಸಿದರೆ ಮೆಗ್ನೀಷಿಯಂನ ಒಂದು ಭಾಗ ನೀರಿನ ಜೊತೆ ಹೋಗುತ್ತದೆ. ಬಸ್ಸಾರು ಮಾಡುವವರಿಗೆ ಚಿಂತೆಯಿಲ್ಲ, ಬಸಿದ ನೀರೇ ಸಾರಾಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾದವರು ಮಾತ್ರ ಪಾಲಕ್ ಮತ್ತು ಹರಿವೆಯ ವಿಷಯದಲ್ಲಿ ವೈದ್ಯರನ್ನು ಕೇಳಬೇಕು; ಅವುಗಳಲ್ಲಿ ಕಲ್ಲಾಗಲು ಕಾರಣವಾಗುವ ಆಕ್ಸಲೇಟ್ ಎಂಬ ವಸ್ತು ಹೆಚ್ಚು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಹಠಾತ್ತನೆ ಏರಿಸಬಾರದು. ಮಳೆಗಾಲದಲ್ಲಿ ಕೆಸರು ಮೆತ್ತಿದ ಸೊಪ್ಪು ಬೇಡವೆನಿಸಿದರೆ ಆ ತಿಂಗಳುಗಳಲ್ಲಿ ಕಾಳನ್ನು ಹೆಚ್ಚು ಮಾಡಿಕೊಳ್ಳಿ.

ಹೆಜ್ಜೆ 5: ಒಂದು ಹಿಡಿ ಬೀಜ

ಎಳ್ಳಿನಲ್ಲಿ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ, ಬಾದಾಮಿ ಮತ್ತು ಗೋಡಂಬಿಯಲ್ಲಿ 270ರ ಮೇಲೆ, ಶೇಂಗಾದಲ್ಲಿ 170ರಿಂದ 200. ಈಗ ಎಲ್ಲರೂ ಹೊಗಳುವ ಕುಂಬಳಬೀಜದಲ್ಲಿ 550ರ ಸುತ್ತಮುತ್ತ. ಅದು ದುಬಾರಿ, ಇಲ್ಲದಿದ್ದರೂ ನಡೆಯುತ್ತದೆ. ಸ್ಟೇಷನ್ನಿನ ಹೊರಗೆ ಕಾಗದದ ಪೊಟ್ಟಣದಲ್ಲಿ ಕೊಡುವ ಹುರಿದ ಶೇಂಗಾ-ಕಡಲೆ ಬಿಸ್ಕತ್ತಿಗಿಂತ ಎಷ್ಟೋ ಮೇಲು. ಚಟ್ನಿಪುಡಿಗೆ ಎಳ್ಳು, ಗುರೆಳ್ಳು ಬಳಸುವ ಮನೆಗಳವರು ಕೈ ಬಿಗಿ ಹಿಡಿಯಬೇಕಾಗಿಲ್ಲ. ಉಪವಾಸದ ದಿನ ಮುಂಬಯಿಯಲ್ಲಿ ಹೇರಳವಾಗಿ ಸಿಗುವ ರಾಜಗಿರಾ ಕೂಡ ಒಳ್ಳೆಯ ಮೂಲವೇ. ರಾಜಗಿರಾ ಲಾಡುವಿನಲ್ಲಿ ಬೆಲ್ಲವೂ ಸಾಕಷ್ಟಿರುತ್ತದೆ ಎಂಬುದನ್ನು ಸಕ್ಕರೆ ಕಾಯಿಲೆಯವರು ಮರೆಯಬಾರದು.

ಈಗ ಆ ಡೊಂಬಿವಲಿಯವನ ದಿನವನ್ನು ಮತ್ತೆ ಕಟ್ಟೋಣ. ಬೆಳಿಗ್ಗೆ ರಾಗಿ ದೋಸೆ 70, ಡಬ್ಬಿಯಲ್ಲಿ ಎರಡು ಚಪಾತಿ 80 ಮತ್ತು ಉಸಳ್ 60, ಸಂಜೆ ಒಂದು ಹಿಡಿ ಶೇಂಗಾ 55, ಒಂದು ಬಾಳೆಹಣ್ಣು 30, ರಾತ್ರಿ ಅನ್ನ ಸಾರು 40, ಹರಿವೆ ಪಲ್ಯ 60, ಚಹಾದ ಹಾಲು 15. ಒಟ್ಟು 410. ಖರ್ಚು ಹೆಚ್ಚಾಗಿಲ್ಲ, ವಿದೇಶಿ ಸಾಮಗ್ರಿ ಒಂದೂ ಇಲ್ಲ. ವಾರಕ್ಕೊಮ್ಮೆ ವಡಾಪಾವ್ ತಿಂದರೂ ಇದು ಕೆಡುವುದಿಲ್ಲ.

ನೀರಿನಿಂದ ಎಷ್ಟು ಬರುತ್ತದೆ ಎಂದು ಕೇಳುವವರಿದ್ದಾರೆ. ಗಡಸು ನೀರಿನ ಊರುಗಳಲ್ಲಿ ಒಂದಿಷ್ಟು ಬರುತ್ತದೆ. ಮುಂಬಯಿಗೆ ನೀರು ಕೊಡುವುದು ಭಾತ್ಸಾ, ತಾನ್ಸಾ, ವೈತರಣಾ, ವಿಹಾರ್, ತುಳಸಿ ಮೊದಲಾದ ಮಳೆಯಿಂದ ತುಂಬುವ ಜಲಾಶಯಗಳು. ಇದು ಕೊಳವೆಬಾವಿಯ ನೀರಿನಂತೆ ಗಡಸಲ್ಲ. ಮೇಲೆ ಆರ್‌ಓ ಯಂತ್ರ ಹಾಕಿದರೆ ಇದ್ದ ಖನಿಜವೂ ಬಹುಪಾಲು ಹೋಗುತ್ತದೆ. ನೀರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೆಜ್ಜೆ 6: ಸೋರಿಕೆ ಎಲ್ಲಿದೆ ಎಂದು ನೋಡಿ

ಚೆನ್ನಾಗಿ ತಿಂದರೂ ಮೆಗ್ನೀಷಿಯಂ ನಿಲ್ಲದ ಸಂದರ್ಭಗಳಿವೆ. ನಿಮ್ಮ ಔಷಧಿಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಒಂದೊಂದೇ ಹೆಸರು ಓದಿ.

ಮೊದಲು ನೋಡಬೇಕಾದದ್ದು ಆಸಿಡಿಟಿಯ ಗುಳಿಗೆ. ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಂದು 'ಪ್ರಜೋಲ್'ನಲ್ಲಿ ಮುಗಿಯುವ ಹೆಸರುಗಳು. ಹೊತ್ತಲ್ಲದ ಹೊತ್ತಿನ ಊಟ, ಖಾಲಿ ಹೊಟ್ಟೆಯ ಕಡಕ್ ಚಹಾ, ಎರಡು ಗಂಟೆಯ ಪ್ರಯಾಣ ಸೇರಿ ಈ ಊರಿನಲ್ಲಿ ಎದೆಯುರಿ ಇಲ್ಲದವರು ಕಡಿಮೆ. "ಡಾಕ್ಟರು ಹದಿನೈದು ದಿನಕ್ಕೆ ಬರೆದದ್ದು ಮಾರಾಯರೆ, ಹಿತವಾಗಿದೆ ಎಂದು ಮುಂದುವರಿಸಿದೆ" ಎಂದು ವರ್ಷಗಳ ಬಳಿಕವೂ ಅದೇ ಹಳೆಯ ಚೀಟಿ ಹಿಡಿದು ಬರುವವರನ್ನು ನಾನು ನೋಡುತ್ತಲೇ ಇದ್ದೇನೆ. ಈ ಗುಳಿಗೆಗಳನ್ನು ದೀರ್ಘಕಾಲ, ಹೆಚ್ಚಾಗಿ ಒಂದು ವರ್ಷಕ್ಕೂ ಮೀರಿ, ತೆಗೆದುಕೊಂಡವರಲ್ಲಿ ರಕ್ತದ ಮೆಗ್ನೀಷಿಯಂ ಕುಸಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿತ್ತು. ಕೆಲವರಲ್ಲಿ ಮೆಗ್ನೀಷಿಯಂ ಮಾತ್ರೆ ಕೊಟ್ಟರೂ ಸಾಲದೆ ಆಸಿಡಿಟಿ ಗುಳಿಗೆಯನ್ನೇ ನಿಲ್ಲಿಸಬೇಕಾಗಿ ಬಂದಿತ್ತು. ಹಾಗೆಂದು ನಾಳೆಯೇ ನೀವಾಗಿ ನಿಲ್ಲಿಸಬೇಡಿ. ಹುಣ್ಣು, ರಕ್ತಸ್ರಾವದ ಅಪಾಯ, ಇಂಥ ಕಾರಣಗಳಿಗೆ ಅದು ನಿಜವಾಗಿ ಬೇಕಾಗಿರಬಹುದು. ವೈದ್ಯರ ಬಳಿ ಹೋಗಿ "ಇದು ಇನ್ನೂ ಬೇಕೇ?" ಎಂದು ಕೇಳಿ. ಅಷ್ಟು ಕೇಳುವವರು ಕೂಡ ಅಪರೂಪ.

ಎರಡನೆಯದು ಮೂತ್ರ ಹೆಚ್ಚಿಸುವ ಔಷಧಿ: ಫ್ಯೂರೊಸೆಮೈಡ್, ಟಾರ್ಸೆಮೈಡ್, ಬಿಪಿ ಗುಳಿಗೆಗಳಲ್ಲಿ ಜೊತೆಗೂಡಿಸಿರುವ ಹೈಡ್ರೊಕ್ಲೋರೊಥಯಾಜೈಡ್. ಇವು ಮೂತ್ರದಲ್ಲಿ ಮೆಗ್ನೀಷಿಯಂ ಕಳೆಯುತ್ತವೆ. ಹತೋಟಿಗೆ ಬಾರದ ಮಧುಮೇಹದಲ್ಲಿ ಮೂತ್ರದ ಸಕ್ಕರೆಯ ಜೊತೆಗೇ ಅದು ಹೊರಹೋಗುತ್ತದೆ. ದೀರ್ಘಕಾಲದ ಭೇದಿ, ಕರುಳಿನ ಉರಿಯೂತದ ಕಾಯಿಲೆಗಳು, ನಿತ್ಯದ ಮದ್ಯಪಾನ, ಇಳಿವಯಸ್ಸು, ಇವೂ ಅದೇ ಪಟ್ಟಿಗೆ ಸೇರುತ್ತವೆ.

ಹೆಜ್ಜೆ 7: ಕಾರಣವಿದ್ದರೆ ಮಾತ್ರ ಪರೀಕ್ಷೆ

ಕೊರತೆಯ ಮೊದಲ ಲಕ್ಷಣಗಳು ಯಾರಿಗೆ ಬೇಕಾದರೂ ಹೊಂದುತ್ತವೆ: ಸುಸ್ತು, ಹಸಿವಿಲ್ಲದಿರುವುದು, ವಾಕರಿಕೆ, ನಿಶ್ಶಕ್ತಿ. ಸಂಜೆಯ ವಿರಾರ್ ಲೋಕಲಿನಲ್ಲಿ ನಿಂತು ಬಂದ ಯಾರನ್ನು ಕೇಳಿದರೂ ಇದರಲ್ಲಿ ಎರಡನ್ನಾದರೂ ಹೇಳುತ್ತಾರೆ. ಕೊರತೆ ಹೆಚ್ಚಿದಾಗ ಕೈಕಾಲು ಜೋಮು, ಸ್ನಾಯು ಸೆಳೆತ, ನಡುಕ, ಹೃದಯ ಬಡಿತದಲ್ಲಿ ಏರುಪೇರು, ಕೊನೆಗೆ ಫಿಟ್ಸ್.

ಹಿಂದಿನ ಹೆಜ್ಜೆಯ ಯಾವುದಾದರೂ ಕಾರಣ ನಿಮಗಿದ್ದರೆ ಸೀರಮ್ (ಅಂದರೆ ರಕ್ತದ ದ್ರವಭಾಗದ) ಮೆಗ್ನೀಷಿಯಂ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಸಾಮಾನ್ಯ ಮಟ್ಟ ಡೆಸಿಲೀಟರಿಗೆ ಸುಮಾರು 1.7ರಿಂದ 2.3 ಮಿಲಿಗ್ರಾಂ, ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಸ್ವಲ್ಪ ವ್ಯತ್ಯಾಸ. ರಕ್ತದಲ್ಲಿರುವುದು ಒಟ್ಟಿನ ಶೇಕಡಾ ಒಂದಕ್ಕಿಂತ ಕಡಿಮೆ ಎಂದೆನಲ್ಲ: ದೇಹ ಎಲುಬಿನಿಂದ ತೆಗೆದಾದರೂ ರಕ್ತದ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ಹಾಗಾಗಿ ವರದಿ ಕಡಿಮೆ ತೋರಿಸಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಸರಿಯಾಗಿದೆ ಎಂದು ತೋರಿಸಿದರೆ ಸಂಗ್ರಹ ತುಂಬಿದೆ ಎಂದು ಹೇಳಲಾಗದು. ಆರೋಗ್ಯವಂತರು ದುಬಾರಿ ತಪಾಸಣೆಯ ಪ್ಯಾಕೇಜಿನ ಆಸೆಗೆ ಇದನ್ನು ಮಾಡಿಸುವುದರಲ್ಲಿ ಹುರುಳಿಲ್ಲ.

ಹೆಜ್ಜೆ 8: ಮಾತ್ರೆ ಕೊಳ್ಳುವ ಮೊದಲು ಲೇಬಲ್ ಓದಿ

ಮೊದಲ ಪ್ರಶ್ನೆ ಮೂತ್ರಪಿಂಡದ್ದು. ಅದು ಸೊರಗಿದ್ದರೆ ಹೆಚ್ಚಾದ ಮೆಗ್ನೀಷಿಯಂ ಹೊರಹೋಗದೆ ರಕ್ತದಲ್ಲಿ ಸೇರುತ್ತದೆ: ರಕ್ತದೊತ್ತಡ ಇಳಿಯುತ್ತದೆ, ಮಂಪರು ಕವಿಯುತ್ತದೆ, ಮಿತಿಮೀರಿದರೆ ಉಸಿರಾಟ, ಹೃದಯ ಎರಡಕ್ಕೂ ಅಪಾಯ. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಹೆಚ್ಚಿರುವವರು ವೈದ್ಯರ ಅಪ್ಪಣೆಯಿಲ್ಲದೆ ಮಾತ್ರೆಯನ್ನೂ ಮುಟ್ಟಬಾರದು, ಮಲಬದ್ಧತೆಗೆಂದು ಮಿಲ್ಕ್ ಆಫ್ ಮೆಗ್ನೀಷಿಯಾವನ್ನೂ ಕುಡಿಯಬಾರದು. ಗುಲಾಬಿ ಬಣ್ಣದ ಆಂಟಾಸಿಡ್ ದ್ರವಗಳಲ್ಲೂ ಹೆಚ್ಚಾಗಿ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಇರುತ್ತದೆ.

ಇನ್ನು ಲೇಬಲ್. ಡಬ್ಬಿಯ ಮುಂಭಾಗದಲ್ಲಿ ದೊಡ್ಡದಾಗಿ 'ಮೆಗ್ನೀಷಿಯಂ ಗ್ಲೈಸಿನೇಟ್ 1000 ಮಿಲಿಗ್ರಾಂ' ಎಂದು ಅಚ್ಚಾಗಿರುತ್ತದೆ. ಹಿಂದಕ್ಕೆ ತಿರುಗಿಸಿ, ಸಣ್ಣ ಅಕ್ಷರದಲ್ಲಿ 'ಎಲಿಮೆಂಟಲ್ ಮೆಗ್ನೀಷಿಯಂ', ಅಂದರೆ ಜೊತೆಗೆ ಕೂಡಿಕೊಂಡಿರುವ ವಸ್ತುವನ್ನು ಬಿಟ್ಟು ಬರೀ ಮೆಗ್ನೀಷಿಯಂ, ಎಷ್ಟು ಎಂದು ಹುಡುಕಿ. ಶುದ್ಧ ಗ್ಲೈಸಿನೇಟ್‌ನಲ್ಲಿ ಅದು ತೂಕದ ಸುಮಾರು ಶೇಕಡಾ 14, ಅಂದರೆ 140 ಮಿಲಿಗ್ರಾಂ. ಸಿಟ್ರೇಟ್‌ನಲ್ಲಿ ಶೇಕಡಾ 16. ಆಕ್ಸೈಡ್‌ನಲ್ಲಿ ಶೇಕಡಾ 60, ಆದರೆ ಅದು ಮೈಗೆ ಹತ್ತುವುದು ಕಡಿಮೆ, ಹೊಟ್ಟೆ ಸಡಿಲಿಸುವುದು ಹೆಚ್ಚು. 'ಎಲಿಮೆಂಟಲ್' ಅಂಕಿಯೇ ಇಲ್ಲದ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.

ಮಾತ್ರೆಯ ಮೂಲಕ ದಿನಕ್ಕೆ 350 ಮಿಲಿಗ್ರಾಂ ಮೀರಬಾರದು ಎಂಬುದು ಅಮೆರಿಕದ ತಜ್ಞರ ಮಿತಿ. ಯುರೋಪಿನವರು 250ಕ್ಕೇ ನಿಲ್ಲಿಸುತ್ತಾರೆ. ಊಟದಿಂದ ಬರುವುದಕ್ಕೆ ಈ ಮಿತಿ ಅನ್ವಯಿಸದು. ಮಿತಿ ಮೀರಿದ್ದಕ್ಕೆ ಮೊದಲ ಸೂಚನೆ ಭೇದಿ. ಬೇಕಾದವರು 100ರಿಂದ 150 ಮಿಲಿಗ್ರಾಂನಿಂದ, ಊಟದ ಜೊತೆಗೆ ಶುರುಮಾಡುವುದು ಹಿತ.

ಅಂತರವೂ ಮುಖ್ಯ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯೋಟಿಕ್‌ಗಳನ್ನು ಮೆಗ್ನೀಷಿಯಂ ಹಿಡಿದಿಟ್ಟುಕೊಳ್ಳುತ್ತದೆ, ಔಷಧಿ ವ್ಯರ್ಥವಾಗುತ್ತದೆ. ಆಂಟಿಬಯೋಟಿಕ್ ಅನ್ನು ಮೆಗ್ನೀಷಿಯಂಗಿಂತ ಎರಡು ಗಂಟೆ ಮೊದಲು, ಇಲ್ಲವೇ ನಾಲ್ಕರಿಂದ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಮಳೆಗಾಲದಲ್ಲಿ ಇಲಿಜ್ವರ ತಡೆಯಲು ಡಾಕ್ಸಿಸೈಕ್ಲಿನ್ ನುಂಗುವ ಮುಂಬಯಿಗರು ಇದನ್ನು ಗಮನಿಸಬೇಕು. ಥೈರಾಯಿಡ್ ಗುಳಿಗೆಗೆ ನಾಲ್ಕು ಗಂಟೆ ಅಂತರ.

ಹೆಜ್ಜೆ 9: ಏನನ್ನು ನಿರೀಕ್ಷಿಸಬಹುದು, ಏನನ್ನು ಬಾರದು

ಮೀನಖಂಡದ ಸೆಳೆತಕ್ಕೆ ಮೆಗ್ನೀಷಿಯಂ ರಾಮಬಾಣ ಎಂಬ ನಂಬಿಕೆ ಬಲವಾಗಿದೆ. ವೈದ್ಯಕೀಯ ಪ್ರಯೋಗಗಳ ಪುರಾವೆಯನ್ನು ಒರೆಗೆ ಹಚ್ಚುವ ಕಾಕ್ರನ್ ಸಂಸ್ಥೆಯ 2020ರ ಸಮೀಕ್ಷೆ ಹಿಂದಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ, ವಯಸ್ಸಾದವರ ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣದು ಎಂದಿತು. ನಿದ್ದೆಯ ವಿಷಯದಲ್ಲಿ ಪುರಾವೆ ತೆಳು. ರಕ್ತದೊತ್ತಡ ಇಳಿಯುತ್ತದೆ, ಆದರೆ ಸರಾಸರಿ ಎರಡು ಅಂಕದಷ್ಟು. ಬಿಪಿ ಗುಳಿಗೆಯ ಬದಲಿಗೆ ಅದು ನಿಲ್ಲದು. ಮೈಗ್ರೇನ್ ತಡೆಯಲು ಕೆಲವರಿಗೆ ನೆರವಾಗಬಹುದು. 2012ರ ಅಮೆರಿಕದ ನರವೈದ್ಯರ ಮಾರ್ಗಸೂಚಿ 'ಬಹುಶಃ ಪರಿಣಾಮಕಾರಿ' ಎಂದು ಬರೆದಿತ್ತು. ಅದಕ್ಕೆ ಬಳಸುವ ಪ್ರಮಾಣ ಮೇಲಿನ ಮಿತಿಗಿಂತ ಹೆಚ್ಚು, ವೈದ್ಯರ ಕಣ್ಗಾವಲು ಬೇಕು. ಮೆಗ್ನೀಷಿಯಂ ಹೆಚ್ಚಿರುವ ಊಟ ಮಾಡುವವರಲ್ಲಿ ಟೈಪ್ 2 ಮಧುಮೇಹ ಕಡಿಮೆ ಕಂಡಿದೆ ನಿಜ, ಆದರೆ ಆ ಊಟದಲ್ಲಿ ನಾರು, ಕಾಳು, ಸೊಪ್ಪು ಎಲ್ಲವೂ ಇದ್ದವು. ಶ್ರೇಯಸ್ಸನ್ನೆಲ್ಲ ಒಂದು ಖನಿಜಕ್ಕೆ ಬರೆದುಕೊಡುವುದು ಸರಿಯಲ್ಲ.

ಇದರ ಶಕ್ತಿ ಸಂಶಯಕ್ಕೆ ಎಡೆಯಿಲ್ಲದೆ ಕಂಡದ್ದು ಹೆರಿಗೆ ವಾರ್ಡಿನಲ್ಲಿ. ಬಸುರಿಯರ ರಕ್ತದೊತ್ತಡ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾವನ್ನು ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂದು ಸುಮಾರು ಹತ್ತು ಸಾವಿರ ಮಹಿಳೆಯರನ್ನು ಒಳಗೊಂಡ ಮ್ಯಾಗ್‌ಪೈ ಪ್ರಯೋಗ 2002ರಲ್ಲಿ ತೋರಿಸಿತು. ಅದು ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆ. ಅದೇ ಸಲ್ಫೇಟು ಎಪ್ಸಮ್ ಉಪ್ಪು ಎಂಬ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ಬಿಸಿನೀರಿಗೆ ಹಾಕಿ ಕಾಲು ಅದ್ದಿದರೆ ಬಿಸಿನೀರಿನ ಹಿತ ಖಂಡಿತ ಸಿಗುತ್ತದೆ. ಚರ್ಮದ ಮೂಲಕ ಗಣನೀಯವಾಗಿ ಮೆಗ್ನೀಷಿಯಂ ಮೈಗೆ ಸೇರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಊಟ ಬದಲಿಸಿದ ಮೇಲೂ ಸುಸ್ತು ಬಿಡದಿದ್ದರೆ ರಕ್ತಹೀನತೆ, ಥೈರಾಯಿಡ್, ಸಕ್ಕರೆ, ಬಿ12 ಪರೀಕ್ಷಿಸಿಕೊಳ್ಳಿ. ಎದೆ ಢವಢವ ಎನ್ನುವುದು ನಿಲ್ಲದಿದ್ದರೆ, ಎಚ್ಚರ ತಪ್ಪಿದರೆ, ಫಿಟ್ಸ್ ಬಂದರೆ, ವಾಂತಿಭೇದಿಯ ಜೊತೆ ಕೈಬೆರಳುಗಳು ಸೆಟೆದುಕೊಂಡರೆ ಔಷಧಿ ಅಂಗಡಿಗೆ ಬರಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರವಾಗಿ ಹೋಗಿ. ಹೋಗುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ ಕೈಯಲ್ಲಿರಲಿ, ಚೀಟಿಯಿಲ್ಲದೆ ಕೊಂಡದ್ದೂ ಸೇರಿ.